ಟ್ರಸ್ಲವ್‌ನ ಕೀಲೆಣ್ಣೆ ಪೆಡಲು

ಭಾನುವಾರ ಬೆಳಗ್ಗೆ ಹಾಲಿನ ಜಗ್ಗು ತರಲೆಂದು ಬಾಗಿಲು ತೆರೆದ ವಿನಿಫ್ರೆಡ್ ಟ್ರಸ್ಲವ್ ತೆರೆದಷ್ಟೇ ಬೇಗ ಬಾಗಿಲು ಮುಚ್ಚಿ ಒಳಕ್ಕೆ ಬಂದಳು. ಗಂಡ ಹ್ಯೂಬರ್ಟ್ ರೊಟ್ಟಿಗೆ ಬೆಣ್ಣೆ ಸವರುತ್ತ ಕೂತಿದ್ದ. ಅವನೆದುರು ಸೊಂಟಕ್ಕೆ ಕೈಕೊಟ್ಟು ನಿಂತು ಹೇಳಿದಳು:

"ನಿಮ್ಮ ಕಾರು ರಾತ್ರಿಯೆಲ್ಲ ಉಚ್ಚೆ ಹೊಯ್ದಿದೆ."

"ಸ್ವಲ್ಪ ತೊಟ್ಟಿಕ್ಕಿರಬಹುದು ವಿನ್ನಿ," ಎಂದ ಹ್ಯೂಬರ್ಟ್. "ತೊಟ್ಟಿಕ್ಕಲೇಬೇಕು. ಅದು ಕೆಲಸ ಮಾಡ್ತಿದೆ ಅನ್ನೋದಕ್ಕೆ ಅದೇ ಗುರುತು."

"ಹಾಗಾದ್ರೆ ಬಹಳ ನಿಯತ್ತಾಗಿ ಕೆಲಸ ಮಾಡಿದೆ. ಬೀದಿ ಕೊನೇವರೆಗೂ ಮಾಡಿದೆ. ಹೋಗಿ ನೋಡಿ."

ಹ್ಯೂಬರ್ಟ್ ಅಂಗಿಯ ಮೇಲೆ ಕೋಟು ಎಳೆದುಕೊಂಡು ಹೊರಗೆ ಬಂದ. ಕವೆಂಟ್ರಿಯ ಅರ್ಲ್ಸ್‌ಡನ್ ಕಡೆಯ ಆ ಬೀದಿಯಲ್ಲಿ ಇಟ್ಟಿಗೆ ಮನೆಗಳು ಒಂದರ ಹೆಗಲಿಗೊಂದು ಆತು ನಿಂತಿದ್ದವು. ಪ್ರತಿ ಮನೆಯ ಹೊಸಿಲುಗಲ್ಲನ್ನೂ ಹೆಂಗಸರು ಶನಿವಾರ ಮಂಡಿಯೂರಿ ಉಜ್ಜಿ ಹಾಲಿನಂತೆ ಬೆಳ್ಳಗಾಗಿಸಿಡುವುದು ಅಲ್ಲಿನ ಕಟ್ಟಳೆ; ಯಾರ ಸಂಸಾರ ಹೇಗಿದೆಯೆಂದು ಜನ ಹೊಸಿಲು ನೋಡಿ ಹೇಳುತ್ತಿದ್ದರು. ಈಗ ಹ್ಯೂಬರ್ಟನ ಮನೆಮುಂದೆ ನಿಂತ ಹಸಿರು ಕಾರಿನ ಹೊಟ್ಟೆಯಡಿಯಿಂದ ಎಣ್ಣೆಯ ತೊರೆಯೊಂದು ಹೊರಟು, ಮುದುಕ ಗಟ್ರಿಜ್‌ನ ಮನೆಯನ್ನು ಹಾದು, ವಿಧವೆ ಮಿಸೆಸ್ ಕ್ಲೂಲಿಯ ಬಾಗಿಲಲ್ಲಿ ಕೆರೆಯಾಗಿ ನಿಂತಿತ್ತು. ಆಕೆಯ ಬೆಕ್ಕು ಆ ಕೆರೆಯಲ್ಲಿ ಕಾಲದ್ದಿ, ಬಿಳಿ ಹೊಸಿಲಿನ ಮೇಲೆ ಚುಕ್ಕಿ ರಂಗೋಲಿ ಬಿಟ್ಟು, ತನಗೇನೂ ಗೊತ್ತಿಲ್ಲವೆಂಬಂತೆ ಕಿಟಕಿಯಲ್ಲಿ ಕೂತು ಮೀಸೆ ತೀಡುತ್ತಿತ್ತು.

ಮಿಸೆಸ್ ಕ್ಲೂಲಿ ಪೊರಕೆ ಹಿಡಿದು ಕಾಯುತ್ತಿದ್ದಳು.

"ಬಾಪ್ಪಾ ಬಾ, ದೊಡ್ಡ ಎಂಜಿನಿಯರ್ರು! ನನ್ನ ಗಂಡ ಕುಡೀತಿದ್ದ, ನಿಜ. ಆದ್ರೆ ಅವನೂ ಒಂದು ದಿನಕ್ಕೂ ಈ ಹೊಸಿಲನ್ನ ಈ ಸ್ಥಿತಿಗೆ ತಂದಿರಲಿಲ್ಲ."

"ನಾನೇ ತೊಳೆದುಕೊಡ್ತೀನಿ ಮಿಸೆಸ್ ಕ್ಲೂಲಿ. ಸಾಯಂಕಾಲ ಬಂದು..."

"ಸಾಯಂಕಾಲ ಯಾಕೆ? ಈಗೆಲ್ಲಿಗೆ ಸವಾರಿ?"

"ಹ್ಯಾರೋಬಿ ಸಾಹೇಬ್ರ ಮನೆಗೆ. ಕೆನಿಲ್‌ವರ್ತ್ ದಾರೀಲಿ."

ಕೆನಿಲ್‌ವರ್ತ್ ಎಂಬ ಮಾತು ಕಿವಿಗೆ ಬೀಳುತ್ತಲೇ ಪೊರಕೆ ಕೆಳಗಿಳಿಯಿತು. "ನನ್ನ ತಂಗಿ ಅಲ್ಲೇ ಇರೋದು. ಎದೆ ಕಟ್ಕೊಂಡು ಮಲಗಿದಾಳೆ, ಪಾಪ. ಕ್ರಿಸ್‌ಮಸ್ಸಿನ ಹೆಬ್ಬಾತಿನ ಕೊಬ್ಬು ಒಂದು ಭರಣಿ ತೆಗೆದಿಟ್ಟಿದೀನಿ, ಎದೆಗೆ ಸವರೋಕೆ. ನನ್ನನ್ನ ಅಲ್ಲಿಗೆ ಮುಟ್ಟಿಸಿದ್ರೆ ಹೊಸಿಲಿನ ವಿಷಯ ನಾನು ಬಾಯಿ ಬಿಡೋದಿಲ್ಲ. ಇಲ್ಲಾಂದ್ರೆ ಪ್ರಾರ್ಥನೆ ಮುಗಿಸಿ ಜನ ಇದೇ ಬೀದೀಲಿ ಬರ್ತಾರಲ್ಲ, ಅವರ ಹತ್ರ ಮಾತಾಡ್ತೀನಿ."

ಹ್ಯೂಬರ್ಟನಿಗೆ ಇವತ್ತು ಯಾರೊಂದಿಗೂ ಜಗಳವಾಡುವ ಶಕ್ತಿಯಿರಲಿಲ್ಲ. ಅವನ ಇಡೀ ಬದುಕು ಈ ದಿನದ ಮೇಲೆ ನಿಂತಿತ್ತು. ಒಪ್ಪಿಕೊಂಡ.

ವಿಷಯವೇನೆಂದರೆ, ಆಗಿನ ಕಾಲದ ಕಾರುಗಳ ಹೊಟ್ಟೆಯಡಿ ಎಲ್ಲಿ ನೋಡಿದರಲ್ಲಿ ಕೀಲುಗಳು. ಸ್ಪ್ರಿಂಗು ನೇತಾಡುವ ಕೀಲು, ಚಕ್ರ ತಿರುಗುವ ಕೀಲು, ಬ್ರೇಕಿನ ಸರಳು ಅಲುಗುವ ಕೀಲು. ಪ್ರತಿಯೊಂದಕ್ಕೂ ಒಂದು ಹಿತ್ತಾಳೆ ಬಟ್ಟಲು. ಅದರಲ್ಲಿ ಗ್ರೀಸು ತುಂಬಿ, ಆಗಾಗ ಒಂದು ಸುತ್ತು ತಿರುವಬೇಕು. ತಿರುವುವವನು ಕೆಸರಲ್ಲಿ ಬೆನ್ನು ಹಾಸಿ ಮಲಗಬೇಕು. ಆದ್ದರಿಂದ ಯಾರೂ ತಿರುವುತ್ತಿರಲಿಲ್ಲ. ಕಾರು ಕಿರ್ರೆನ್ನುತ್ತಿತ್ತು, ನರಳುತ್ತಿತ್ತು, ಕೊನೆಗೊಂದು ದಿನ ಕೀಲು ಸವೆದು ಮುರಿಯುತ್ತಿತ್ತು. ಹ್ಯಾರೋಬಿ ಕಂಪನಿಯ ನಕ್ಷೆಮನೆಯಲ್ಲಿ ಮೂಲೆ ಮೇಜಿನ ನಕ್ಷೆಗಾರನಾಗಿದ್ದ ಹ್ಯೂಬರ್ಟ್ ಇದಕ್ಕೊಂದು ಉಪಾಯ ಹುಡುಕಿದ್ದ. ಮುಂದೆ ಒಂದು ಎಣ್ಣೆಯ ಡಬ್ಬಿ. ಚಾಲಕನ ಕಾಲ ಬಳಿ ಒಂದು ಪೆಡಲು. ಅಲ್ಲಿಂದ ಪ್ರತಿ ಕೀಲಿಗೂ ನರಗಳ ಹಾಗೆ ಹರಡಿದ ಸಣ್ಣ ತಾಮ್ರದ ಕೊಳವೆ. ಕೂತಲ್ಲೇ ಒಮ್ಮೆ ಒತ್ತಿದರೆ ಸಾಕು, ಎಲ್ಲ ಕೀಲಿಗೂ ಎಣ್ಣೆ.

ಹೊಟ್ಟೆಯಡಿ ಸದಾ ತೊಟ್ಟಿಕ್ಕುತ್ತಿದ್ದುದರಿಂದ ನಕ್ಷೆಮನೆಯ ಜೊತೆಯವರು ಅದಕ್ಕೆ "ಟ್ರಸ್ಲವ್‌ನ ಹಸು" ಎಂದು ಹೆಸರಿಟ್ಟಿದ್ದರು. ಕೊಳವೆಗಳು ಕೂದಲಿನಷ್ಟು ಸಪೂರ, ದಪ್ಪ ಎಣ್ಣೆ ಅವುಗಳೊಳಗೆ ಹೋಗುತ್ತಿರಲಿಲ್ಲ. ತೆಳು ಎಣ್ಣೆ ಹಾಕಿದರೆ ನಿಲ್ಲುತ್ತಿರಲಿಲ್ಲ. ನಿನ್ನೆ ತೆಳುವಾದದ್ದನ್ನು ಹಾಕಿದ್ದ. ಕಂಪನಿಯ ಯಜಮಾನ ಹ್ಯಾರೋಬಿ ಸಾಹೇಬರು ಒಂದು ಷರತ್ತು ಹಾಕಿದ್ದರು: ಆ ಕಾರಿಗೆ ತಿಂಗಳುಗಟ್ಟಲೆ ಯಾರೂ ಕೈಯಾರೆ ಗ್ರೀಸು ಹಾಕಕೂಡದು, ಪೆಡಲಿನಿಂದಲೇ ಬದುಕಬೇಕು, ಕೊನೆಗೆ ಈ ಭಾನುವಾರ ಊಟದ ಹೊತ್ತಿಗೆ ತಮ್ಮ ಮನೆಗೆ ತರಬೇಕು. ಸದ್ದಿಲ್ಲದೆ ಓಡಿದರೆ ಮುಂದಿನ ವರ್ಷದ ಎಲ್ಲ ಕಾರಿಗೂ ಅದೇ. ಕಿರ್ರೆಂದರೆ ಹಸುವನ್ನು ಕಟುಕನಿಗೆ ಕೊಟ್ಟು, ಹ್ಯೂಬರ್ಟ್ ಮತ್ತೆ ಬಾಗಿಲಿನ ತಿರುಗಣಿಗಳ ಚಿತ್ರ ಬರೆಯುತ್ತ ಕೂರಬೇಕು.

ಇಷ್ಟರಲ್ಲಿ ಗಟ್ರಿಜ್ ಮುದುಕ ಹೊರಗೆ ಬಂದು ಎಣ್ಣೆಯ ತೊರೆಯನ್ನು ನೋಡಿ ಟೋಪಿ ತೆಗೆದ, ಹೆಣ ಸಾಗುವಾಗ ತೆಗೆಯುವ ಹಾಗೆ. ಅವನು ಗಡಿಯಾರ ಮಾಡುತ್ತಿದ್ದವನು. ಇಡೀ ಊರು ಗಡಿಯಾರ ಬಿಟ್ಟು ಕಾರಿನ ಹಿಂದೆ ಓಡಿದ್ದನ್ನು ಅವನಿನ್ನೂ ಕ್ಷಮಿಸಿರಲಿಲ್ಲ. ಕಣ್ಣಿಗೆ ಸಿಕ್ಕಿಸುವ ಭೂತಗನ್ನಡಿ ಭಾನುವಾರವೂ ಅವನ ಹಣೆಯ ಮೇಲೇ ಇರುತ್ತಿತ್ತು.

"ಹ್ಯೂಬರ್ಟ್, ಒಂದು ಗಡಿಯಾರಕ್ಕೆ ಎಷ್ಟು ಎಣ್ಣೆ ಬೇಕು ಗೊತ್ತೇನೋ? ಸೂಜಿಮೊನೇಲಿ ನಿಲ್ಲೋವಷ್ಟು. ಅಷ್ಟರಲ್ಲಿ ವರ್ಷಗಟ್ಟಲೆ ಓಡುತ್ತೆ. ನೀನು ಬೀದಿಗೆ ಸುರಿದಿರೋದ್ರಲ್ಲಿ ಇಂಗ್ಲೆಂಡಿನ ಗಡಿಯಾರಗಳೆಲ್ಲ ಪ್ರಳಯದವರೆಗೆ ಓಡ್ತಿದ್ವು."

"ಇದು ಗಡಿಯಾರ ಅಲ್ಲ ಗಟ್ರಿಜ್ ತಾತ. ಇದರ ತೂಕ..."

"ಸೋರೋದು ಸೋರೋದೇ. ಹೋಗು, ಮುಖ ಕ್ಷೌರ ಮಾಡ್ಕೊ. ಸಾಹೇಬ್ರ ಮುಂದೆ ಮುಳ್ಳುಹಂದಿ ಥರ ನಿಲ್ಬೇಡ."

ಹ್ಯೂಬರ್ಟ್ ಒಳಗೆ ಹೋಗಿ, ಕ್ಷೌರ ಮಾಡಿಕೊಂಡು, ಮದುವೆಗೆ ಹೊಲಿಸಿದ ಬೂದು ಸೂಟು ತೊಟ್ಟು ಬಂದಾಗ ತೊರೆ ನಿಂತಿತ್ತು. ಕಾರಿನಡಿ ಒಂದು ಹನಿಯೂ ಇಲ್ಲ. ಗಟ್ರಿಜ್ ಕರವಸ್ತ್ರದಿಂದ ಬೆರಳು ಒರೆಸಿಕೊಳ್ಳುತ್ತ, ದೇವಸ್ಥಾನಕ್ಕೆ ಗಂಟೆ ಕೊಡಿಸಿದವನ ಮುಖ ಮಾಡಿಕೊಂಡು ನಿಂತಿದ್ದ.

"ನಿಂತಿದೆ ನೋಡು," ಎಂದ.

ಹೆಚ್ಚಾದ ಎಣ್ಣೆಯೆಲ್ಲ ಬಸಿದುಹೋಗಿ ತಾನೇ ನಿಂತಿರಬೇಕೆಂದು ಹ್ಯೂಬರ್ಟ್ ಹಿಗ್ಗಿದ. ಮುದುಕನೂ ಕಾರು ಹತ್ತಿ ಮುಂದಿನ ಸೀಟಿನಲ್ಲಿ ಕೂತ. "ರೋಗಿ ಜೊತೆ ವೈದ್ಯ ಇರ್ಬೇಕು," ಎಂದ. ಅದರ ಅರ್ಥ ಕೇಳುವಷ್ಟು ವ್ಯವಧಾನ ಹ್ಯೂಬರ್ಟನಿಗಿರಲಿಲ್ಲ. ಹಿಂದಿನ ಸೀಟಿನಲ್ಲಿ ಮಿಸೆಸ್ ಕ್ಲೂಲಿ ಚೆರ್ರಿ ಹಣ್ಣಿನ ಗೊಂಚಲಿದ್ದ ಟೋಪಿ ಧರಿಸಿ, ಫ್ಲಾನೆಲ್ ಸುತ್ತಿದ ಭರಣಿಯನ್ನು ಕೂಸಿನಂತೆ ತೊಡೆಯ ಮೇಲಿಟ್ಟುಕೊಂಡು ಕೂತಳು. ಕೊನೆಯ ಗಳಿಗೆಯಲ್ಲಿ ವಿನಿಫ್ರೆಡ್ ಬಂದು ಗಂಡನ ಟೈ ಸರಿಮಾಡಿ, "ಹೆಚ್ಚು ಮಾತಾಡ್ಬೇಡಿ. ನೀವು ಮಾತಾಡಿದಾಗೆಲ್ಲ ಕೆಡುತ್ತೆ," ಎಂದು ಮೆಲ್ಲಗೆ ಹೇಳಿ ಬೀಳ್ಕೊಟ್ಟಳು.

ಊರು ದಾಟುವವರೆಗೆ ಕಾರು ಬೆಣ್ಣೆಯಲ್ಲಿ ಕೂದಲೆಳೆದಂತೆ ಹೋಯಿತು. ಬೇಲಿಗಳಲ್ಲಿ ಏಪ್ರಿಲ್ ತಿಂಗಳ ಎಳೆ ಹಸಿರು. ಹ್ಯೂಬರ್ಟನಿಗೆ ಹಾಡಬೇಕೆನಿಸಿತು. ದೊಡ್ಡ ರಸ್ತೆಯಲ್ಲಿ ಸೈಕಲ್ ಕ್ಲಬ್ಬಿನವರ ಜಾತ್ರೆಯೆಂದು ಒಳದಾರಿ ಹಿಡಿದ. ಅಲ್ಲಿ ಹಳ್ಳವೊಂದು ರಸ್ತೆಗಡ್ಡವಾಗಿ ಹರಿಯುತ್ತಿತ್ತು. ಮಳೆಯಿಂದ ಸ್ವಲ್ಪ ತುಂಬಿತ್ತು.

"ದಾಟುತ್ತಾ?" ಎಂದಳು ಮಿಸೆಸ್ ಕ್ಲೂಲಿ.

"ಕಣ್ಣು ಮುಚ್ಚಿ ದಾಟುತ್ತೆ," ಎಂದ ಹ್ಯೂಬರ್ಟ್.

ದಾಟಿತು. ಆದರೆ ಆಚೆ ದಡ ಹತ್ತಿದ ಮೇಲೆ ಎಲ್ಲಿಂದಲೋ ಒಂದು ಸಣ್ಣ ಕೀರಲು ಸದ್ದು ಹುಟ್ಟಿತು, ಮಗು ನಿದ್ದೆಯಿಂದ ಏಳುವ ಮೊದಲು ಕುಂಯ್ ಎನ್ನುವಂತೆ. ಕೀಲುಗಳಲ್ಲಿ ಉಳಿದಿದ್ದ ತೆಳು ಎಣ್ಣೆಯನ್ನು ಹಳ್ಳದ ನೀರು ತೊಳೆದುಕೊಂಡು ಹೋಗಿತ್ತು. ಮೊದಲ ಗುಂಡಿ ಬಂದಾಗ ಮಗು ಎದ್ದಿತು. ಎರಡನೆಯದಕ್ಕೆ ಅದು ಹಂದಿಯಾಯಿತು. ಮುಂದೆ ಇಡೀ ಹಂದಿದೊಡ್ಡಿಗೆ ಬೆಂಕಿ ಬಿದ್ದಂತೆ ಕಾರು ಕಿರುಚತೊಡಗಿತು.

"ಹೆದರ್ಬೇಡಿ," ಎಂದ ಹ್ಯೂಬರ್ಟ್. "ಇದಕ್ಕೇ ಅಲ್ವಾ ಪೆಡಲ್ ಇರೋದು. ಈಗ ನೋಡಿ."

ಒತ್ತಿದ. ಪೆಡಲು ಬಂಡೆಯ ಹಾಗೆ ನಿಂತಿತ್ತು. ಇನ್ನೊಮ್ಮೆ ಒತ್ತಿದ. ಕದಲಲಿಲ್ಲ. ಕಾರು ನಿಲ್ಲಿಸಿ, ಸೀಟಿನ ಬೆನ್ನಿಗೆ ಬೆನ್ನು ಕೊಟ್ಟು, ಎರಡೂ ಕಾಲಿಟ್ಟು ತನ್ನ ಭಾರವನ್ನೆಲ್ಲ ಹಾಕಿ ತುಳಿದ. ಎಲ್ಲೋ 'ಟಪ್' ಎಂದಿತು. ಪೆಡಲಿನ ಬುಡದಲ್ಲಿ ಕೊಳವೆ ಕಿತ್ತುಕೊಂಡು ಎಣ್ಣೆಯ ಕಾರಂಜಿ ಚಿಮ್ಮಿ, ಮದುವೆಯ ಸೂಟನ್ನು ಮೊಣಕಾಲಿನಿಂದ ಟೈವರೆಗೆ ನೆನೆಸಿ, ಗಟ್ರಿಜ್‌ನ ಬಿಳಿ ಗಡ್ಡಕ್ಕೆ ಅಭ್ಯಂಜನ ಮಾಡಿಸಿ, ಮಿಸೆಸ್ ಕ್ಲೂಲಿಯ ಟೋಪಿಯ ಚೆರ್ರಿಗಳಿಗೆ ಹೊಳಪು ಕೊಟ್ಟು ನಿಂತಿತು. ಡಬ್ಬಿಯಲ್ಲಿದ್ದ ಎಣ್ಣೆ ಮುಗಿದಿತ್ತು.

ಎಣ್ಣೆ ಗಡ್ಡದಿಂದ ಇಳಿಯುತ್ತಿತ್ತು.

"ಯಾಕೆ ಹೋಗ್ಲಿಲ್ಲ?" ಹ್ಯೂಬರ್ಟ್ ತನಗೆ ತಾನೇ ಕೇಳಿಕೊಂಡ. "ಕೊಳವೆಗಳೆಲ್ಲ ಒಟ್ಟಿಗೇ ಕಟ್ಕೊಳ್ಳೋದು ಹೇಗೆ?"

ಗಟ್ರಿಜ್ ಗಂಟಲು ಸರಿಮಾಡಿಕೊಂಡ. "ಅದು... ಸೋರ್ತಿತ್ತಲ್ಲಪ್ಪ."

ಹ್ಯೂಬರ್ಟ್ ನಿಧಾನವಾಗಿ ಅವನ ಕಡೆ ತಿರುಗಿದ.

"ಗಡಿಯಾರ ತಿಕ್ಕೋ ಮರದ ಕಡ್ಡಿ ಇದಾವಲ್ಲ, ಅವನ್ನ ಚೂಪು ಮಾಡಿ ಒಂದೊಂದು ಕೊಳವೆ ಬಾಯಿಗೂ ಹೊಡೆದೆ. ಬಹಳ ಅಚ್ಚುಕಟ್ಟಾಗಿ ಕೂತವು."

"ಎಲ್ಲದಕ್ಕೂ?"

"ಒಂದನ್ನೂ ಬಿಟ್ಟಿಲ್ಲ," ಎಂದ ಮುದುಕ, ತಗ್ಗಿದ ದನಿಯಲ್ಲಿಯೂ ಕೊಂಚ ಹೆಮ್ಮೆಯಿಂದ.

ಹ್ಯೂಬರ್ಟ್ ಕೆಳಗಿಳಿದು ಬೇಲಿಯ ಬದಿಯ ಹುಲ್ಲಿನ ಮೇಲೆ ಕೂತುಬಿಟ್ಟ. ಕಡ್ಡಿಗಳನ್ನು ಕಿತ್ತರೂ ಕೊಳವೆಗೆ ಹರಿಸಲು ಎಣ್ಣೆಯಿರಲಿಲ್ಲ; ಭಾನುವಾರ ಯಾವ ಅಂಗಡಿಯೂ ತೆರೆದಿರುವುದಿಲ್ಲ. ಅವನ ಕಣ್ಣು ತಾನಾಗಿಯೇ ಮಿಸೆಸ್ ಕ್ಲೂಲಿಯ ತೊಡೆಯ ಮೇಲಿದ್ದ ಭರಣಿಯ ಕಡೆ ಹೋಯಿತು.

"ಊಹೂಂ," ಎಂದು ಆಕೆ ಭರಣಿಯನ್ನು ಎದೆಗವಚಿಕೊಂಡಳು. "ನನ್ನ ತಂಗಿ ಎದೆಗೆ ಸವರೋದನ್ನ ನಿನ್ನ ಗಾಡಿಯ ತೊಡೆಸಂದಿಗೆ ಸವರ್ಬೇಕೇನೋ?"

"ಮಿಸೆಸ್ ಕ್ಲೂಲಿ, ನನ್ನ ಕೆಲಸ..."

"ಅವಳ ಉಸಿರು?"

ಗಟ್ರಿಜ್ ನಡುವೆ ಬಂದ. "ನಿನ್ನ ತಂಗಿ ಆಗ್ನೆಸ್ ಎದೆ ಕಟ್ಕೊಂಡು ಇಪ್ಪತ್ತು ವರ್ಷ ಆಯ್ತು ಕಣಮ್ಮ. ಕೊಬ್ಬು ಸವರಿದ್ರೂ ಅಷ್ಟೆ, ಬಿಟ್ರೂ ಅಷ್ಟೆ. ಅವಳಿಗೆ ಬೇಕಾಗಿರೋದು ನೀನು ಹೋಗಿ ಒಂದು ಗಂಟೆ ಕೂತು ಊರ ಸುದ್ದಿ ಹೇಳೋದು."

ಮಿಸೆಸ್ ಕ್ಲೂಲಿ ಯೋಚಿಸಿದಳು. ಹ್ಯೂಬರ್ಟನ ಎಣ್ಣೆಸೂಟನ್ನು ನೋಡಿದಳು. ಆಮೇಲೆ ಫ್ಲಾನೆಲ್ ಬಿಚ್ಚಿ, ತೋಳು ಮಡಿಸಿ, ತಾನೇ ಮೊದಲು ಕೆಳಗಿಳಿದಳು.

ಮುಂದಿನ ದೃಶ್ಯವನ್ನು ಆ ದಾರಿಯಲ್ಲಿ ಹೋದವರು ಬಹಳ ದಿನ ಮರೆತಿರಲಾರರು. ವಿಧವೆ ಮಿಸೆಸ್ ಕ್ಲೂಲಿ ಹಿಡಿಹಿಡಿ ಕೊಬ್ಬು ತೆಗೆದು ಕ್ರಿಸ್‌ಮಸ್ ಪುಡಿಂಗಿಗೆ ಬೆಣ್ಣೆ ಮೆತ್ತುವ ಹಾಗೆ ಸ್ಪ್ರಿಂಗುಗಳಿಗೆ ಮೆತ್ತುತ್ತಿದ್ದಳು. ಗಟ್ರಿಜ್ ಭೂತಗನ್ನಡಿ ಕಣ್ಣಿಗಿಳಿಸಿ, ಆಕೆಯ ಟೋಪಿಪಿನ್ನಿನ ತುದಿಯಲ್ಲಿ ಸಾಸಿವೆಯಷ್ಟು ಕೊಬ್ಬು ಹಿಡಿದು, ಒಂದೊಂದು ಕೀಲಿಗೆ ಉಸಿರು ಬಿಗಿಹಿಡಿದು ಇಡುತ್ತಿದ್ದ. ಹ್ಯೂಬರ್ಟ್ ಬೆನ್ನು ಹಾಸಿ ಮಲಗಿ, ಕಾಲು ಮಾತ್ರ ರಸ್ತೆಗೆ ಚಾಚಿದ್ದ. ಸೈಕಲ್ ಗುಂಪೊಂದು ಗಂಟೆ ಬಾರಿಸುತ್ತ ಹಾದುಹೋಯಿತು. ಅದರಲ್ಲಿದ್ದ ನಕ್ಷೆಮನೆಯ ಸಂಗಾತಿ ಪಾಟರ್ಟನ್ ಆ ಬೂಟುಗಳ ಗುರುತು ಹಿಡಿದ.

"ಏಯ್ ಟ್ರಸ್ಲವ್! ಕೂತಲ್ಲೇ ಒತ್ತಿದ್ರೆ ಸಾಕು ಅಂದಿದ್ದೆ? ಮಲಗಿ ಒತ್ಬೇಕಾ?"

ನಗೆ ದೂರವಾಯಿತು. ಹ್ಯೂಬರ್ಟನ ಮುಖದ ಮೇಲೆ ಗೇಣುದ್ದದಲ್ಲಿ ಸ್ಪ್ರಿಂಗಿನ ಬೋಲ್ಟೊಂದು ನೇತಾಡುತ್ತಿತ್ತು. ಅದನ್ನೇ ನೋಡುತ್ತ ಅವನ ಕೈ ನಿಂತಿತು.

ಯುದ್ಧದಲ್ಲಿ ಅವನು ಫ್ರಾನ್ಸಿನಲ್ಲಿ ಗಾಯಾಳುಗಳ ಗಾಡಿ ಓಡಿಸುತ್ತಿದ್ದ. ಒಂದು ಮಧ್ಯಾಹ್ನ ಇಂಥದೇ ಬೋಲ್ಟು ಒಣಗಿ ಮುರಿದು ಗಾಡಿ ಕುಸಿದು ಕೂತಿತ್ತು. ಗ್ರೀಸಿನ ಬಟ್ಟಲು ತಿರುವಬೇಕಾದವನು ಹ್ಯೂಬರ್ಟನೇ. ಅವನು ಸೋಮಾರಿಯಲ್ಲ, ನಿದ್ದೆಯಿಲ್ಲದೆ ದಿನಗಳಾಗಿದ್ದವು, ಮರೆತಿದ್ದ. ಇನ್ನೊಂದು ಗಾಡಿ ಬರುವವರೆಗೆ ಒಳಗೆ ನಾಲ್ವರು ಮಲಗಿದ್ದರು. ಒಬ್ಬ ಹುಡುಗ, ವಾರ್ವಿಕ್‌ ಕಡೆಯವನು, ತನ್ನ ಮನೆಯ ಪಾರಿವಾಳಗಳ ಬಗ್ಗೆ ಮಾತಾಡುತ್ತಿದ್ದವನು, ಆ ಗಾಡಿ ಬರುವಷ್ಟರಲ್ಲಿ ಮಾತು ನಿಲ್ಲಿಸಿದ್ದ. ಅದು ಯಾರ ತಪ್ಪೂ ಅಲ್ಲವೆಂದು ಎಲ್ಲರೂ ಹೇಳಿದರು. ಮನುಷ್ಯ ಮರೆಯುತ್ತಾನೆ ಎಂದರು. ಹ್ಯೂಬರ್ಟ್ ಒಪ್ಪಿದ. ಮನುಷ್ಯ ಮರೆಯುವುದಾದರೆ ಅವನು ಮರೆತರೂ ನಡೆಯುವಂಥದ್ದೊಂದನ್ನು ಮಾಡಬೇಕು ಎಂದು ಊರಿಗೆ ಬಂದ ಮೇಲೆ ಪೆನ್ಸಿಲ್ ಹಿಡಿದು ಕೂತ. ಪೆಡಲನ್ನು ಬ್ರೇಕಿನ ಪಕ್ಕದಲ್ಲೇ ಇಟ್ಟದ್ದೂ ಅದಕ್ಕೇ, ಕಾಲು ತಾನಾಗಿ ಅಲ್ಲಿಗೆ ಹೋಗಲಿ ಎಂದು.

"ಸತ್ತೇ ಹೋದ್ಯೇನೋ?" ಎಂದು ಮಿಸೆಸ್ ಕ್ಲೂಲಿ ಅವನ ಬೂಟಿಗೆ ಒದ್ದಳು. "ಹೊತ್ತಾಯ್ತು, ಏಳು."

ಫ್ಲಾನೆಲ್ಲಿನಿಂದ ಸೀಟು, ಪೆಡಲು ಒರೆಸಿದ ಮೇಲೆ ಕಾರು ಮತ್ತೆ ಹೊರಟಿತು. ಮೌನವೆಂದರೆ ಅದು. ಹೆಬ್ಬಾತು ಬದುಕಿದ್ದಾಗ ಎಷ್ಟು ಗದ್ದಲ ಮಾಡಿತ್ತೋ, ಅದರ ಕೊಬ್ಬು ಈಗ ಅಷ್ಟೇ ಸದ್ದಡಗಿಸಿತ್ತು. ಒಂದೇ ತೊಂದರೆಯೆಂದರೆ ಕೀಲುಗಳು ಬೆಚ್ಚಗಾದಂತೆ ಹುರಿದ ಮಾಂಸದ ಘಮ ಹೊರಟಿತು. ಮುಂದಿನ ಹಳ್ಳಿಯಲ್ಲಿ ಒಂದು ನಾಯಿ ಬೆನ್ನುಹತ್ತಿತು, ಚರ್ಚಿನ ಬಳಿ ಇನ್ನೆರಡು ಸೇರಿಕೊಂಡವು. ಹ್ಯಾರೋಬಿ ಸಾಹೇಬರ ಗೇಟು ಹೊಕ್ಕಾಗ ಹಿಂದೆ ಒಂದು ಸಣ್ಣ ಮೆರವಣಿಗೆಯೇ ಇತ್ತು. ತೋಟದ ಆಳು ಗೇಟು ಮುಚ್ಚಿ ಅದನ್ನು ತಡೆದ.

ಹ್ಯಾರೋಬಿ ಸಾಹೇಬರು ಭಾರೀ ಆಳು, ಕಡಿಮೆ ಮಾತಿನವರು. ಹ್ಯೂಬರ್ಟನ ಸೂಟನ್ನು ಮೇಲಿಂದ ಕೆಳಗೆ ನೋಡಿ, "ಬಿದ್ಯಾ?" ಎಂದರು.

"ಸ್ವಲ್ಪ, ಸರ್."

"ಇವರು?"

"ನೆರೆಯವರು, ಸರ್."

"ಹೂಂ. ಆಲಿಸ್, ಬಾ. ಈ ಕಾರಲ್ಲಿ ನಿನಗೆ ತಲೆನೋವು ಬರುತ್ತಾ ನೋಡೋಣ."

ಯಜಮಾನತಿ ಕಾರುಗಳನ್ನು ದ್ವೇಷಿಸುತ್ತಿದ್ದಳು. ಗಂಡ ಮಾಡಿದ ಕಾರುಗಳನ್ನಂತೂ ಇನ್ನಷ್ಟು. ಆದರೆ ಸ್ಟಿಯರಿಂಗಿನ ಮುಂದೆ ತಾನೇ ಕೂತಳು. ಗಂಡ ಹಿಂದೆ, ಹ್ಯೂಬರ್ಟ್ ಪಕ್ಕದಲ್ಲಿ. ಗಟ್ರಿಜ್‌ನೂ ಮಿಸೆಸ್ ಕ್ಲೂಲಿಯೂ ಮೆಟ್ಟಿಲ ಬಳಿ ನಿಂತರು. ಕಾರು ತೋಟವನ್ನೊಂದು ಸುತ್ತು ಹಾಕಿ ರಸ್ತೆಗಿಳಿಯಿತು. ಗುಂಡಿ ಬಂತು, ಸದ್ದಿಲ್ಲ. ಉಬ್ಬು ಬಂತು, ಸದ್ದಿಲ್ಲ.

"ಅದ್ಯಾವುದು ಸಣ್ಣ ಪೆಡಲ್?" ಎಂದಳು ಯಜಮಾನತಿ.

"ಅದೇ ಆಲಿಸ್, ಎಣ್ಣೇದು. ಒತ್ತು," ಎಂದರು ಸಾಹೇಬರು.

ಹ್ಯೂಬರ್ಟ್ ಬಾಯಿ ತೆರೆಯುವಷ್ಟರಲ್ಲಿ ಆಕೆ ಒತ್ತಿದಳು. ಕಿತ್ತುಹೋದ ಕೊಳವೆಯಿಂದ ಗಾಳಿ 'ಫುಸ್' ಎಂದು ಹೊರಟಿತು, ಸುಖವಾಗಿ ನಿಟ್ಟುಸಿರಿಟ್ಟಂತೆ.

"ಅಯ್ಯೋ, ಗೊತ್ತಾಯ್ತಾ ನಿಮಗೆ? ಈಗ ಇನ್ನೂ ಮೆತ್ತಗಾಯ್ತು!" ಮತ್ತೆ ಒತ್ತಿದಳು. ಫುಸ್. "ನೋಡಿ, ನೋಡಿ! ಮೊದಲಿಗಿಂತ ಹಗುರ. ಪಾಪ, ಕಾರಿಗೂ ಸಮಾಧಾನ ಆಗುತ್ತೆ ಅನ್ಸುತ್ತೆ." ಮನೆ ಬರುವವರೆಗೆ ದಾರಿಯುದ್ದಕ್ಕೂ ಒತ್ತಿದಳು. ಹ್ಯೂಬರ್ಟ್ ರಸ್ತೆಯನ್ನೇ ನೋಡುತ್ತ ಕೂತ.

ಕಾರು ನಿಂತಾಗ ಸಾಹೇಬರು ಇಳಿದು ಅವನಿಗೆ ಕೈ ಚಾಚಿದರು. ಅಷ್ಟರಲ್ಲಿ ಮನೆಯ ಮೂರು ಸ್ಪ್ಯಾನಿಯಲ್ ನಾಯಿಗಳು ಬಾಣದಂತೆ ಬಂದು ಕಾರಿನಡಿ ನುಗ್ಗಿದವು. ಕೆಳಗಿನಿಂದ ಲೊಚಲೊಚ ಸದ್ದು ಬಂತು. ಸಾಹೇಬರು ಬಗ್ಗಿ ನೋಡಿದರು. ನಾಯಿಗಳು ಕಣ್ಣುಮುಚ್ಚಿ ಕೀಲುಗಳನ್ನು ನೆಕ್ಕುತ್ತಿದ್ದವು.

"ಟ್ರಸ್ಲವ್, ನನ್ನ ನಾಯಿಗಳಿಗೆ ನಿನ್ನ ಎಣ್ಣೆ ಯಾಕಿಷ್ಟು ಇಷ್ಟ?"

ಆಗ ಮಿಸೆಸ್ ಕ್ಲೂಲಿ ಮುಂದೆ ಬಂದು ಕಣ್ಣೂ ಮಿಟುಕಿಸದೆ ಹೇಳಿದಳು: "ನನ್ನಿಂದಾಗಿದ್ದು ಸ್ವಾಮಿ. ತಂಗಿಗೆ ಅಂತ ಹೆಬ್ಬಾತಿನ ಕೊಬ್ಬು ತರ್ತಿದ್ದೆ. ಭರಣಿ ಉರುಳಿ ಸೀಟಿನ ಸಂದೀಲಿ ಕೆಳಗೆ ಇಳಿದುಹೋಯ್ತು. ಪಾಪ, ಈ ಹುಡುಗ ಬೈಲಿಲ್ಲ ಕೂಡ."

"ಓ," ಎಂದರು ಸಾಹೇಬರು. ಮುಖ ಸಡಿಲವಾಯಿತು. "ಸರಿ ಹಾಗಾದ್ರೆ. ಟ್ರಸ್ಲವ್, ನಾಳೆಯಿಂದ..."

ಇನ್ನೊಂದು ಮಾತು ಹೊರಬಿದ್ದಿದ್ದರೆ ಮುಗಿಯುತ್ತಿತ್ತು. ಗಟ್ರಿಜ್ ಆಗಲೇ ನಗತೊಡಗಿದ್ದ. ಆದರೆ ಹ್ಯೂಬರ್ಟನಿಗೆ ಮುಂದಿನ ವರ್ಷ ರಸ್ತೆಗಿಳಿಯುವ ಕಾರುಗಳು ಕಂಡವು. ತೆಳು ಎಣ್ಣೆ ನಿಲ್ಲುವುದಿಲ್ಲವೆಂದು ಮೊದಲೇ ಗೊತ್ತಿತ್ತು; ನೀರಿಗೆ ಪೂರ್ತಿ ತೊಳೆದುಹೋಗುತ್ತದೆ ಎಂದು ಇವತ್ತು ತಾನೇ ಅವನಿಗೆ ಗೊತ್ತಾಗಿತ್ತು. ಆ ಕಾರುಗಳಲ್ಲಿ ಜನ ಪೆಡಲು ನಂಬಿ ಕೂತಿರುತ್ತಾರೆ.

"ಸರ್, ಆಕೆ ಸುಳ್ಳು ಹೇಳ್ತಿದಾರೆ."

"ಅಯ್ಯೋ ಪೆದ್ದೇ!" ಎಂದಳು ಮಿಸೆಸ್ ಕ್ಲೂಲಿ.

ಹ್ಯೂಬರ್ಟ್ ಎಲ್ಲವನ್ನೂ ಹೇಳಿದ. ಹಳ್ಳ, ಕಿರುಚಾಟ, ಕಾರಂಜಿ, ಕೊಬ್ಬು. ಕಡ್ಡಿಯ ವಿಷಯಕ್ಕೆ ಬಂದಾಗ ಮಾತ್ರ ಗಟ್ರಿಜ್‌ನ ಹೆಸರೆತ್ತದೆ, "ಕೊಳವೆ ಕಟ್ಟಿಕೊಂಡಿದ್ವು" ಎಂದ. "ಪೆಡಲ್ ಇವತ್ತು ಕೆಲಸ ಮಾಡಿಲ್ಲ ಸರ್. ನನಗೆ ಇನ್ನೊಂದು ಆರು ತಿಂಗಳು ಕೊಡಿ. ಕೊಳವೆಯ ಕೊನೇಲಿ ಹನಿ ತಡೆಯೋ ಬಿರಟೆ ಇಟ್ಟು, ದಪ್ಪ ಎಣ್ಣೆ ಹರಿಯೋ ಹಾಗೆ ಮಾಡ್ತೀನಿ. ಆಮೇಲೆ ಹಾಕಿ."

ಸಾಹೇಬರು ಕಾರನ್ನೊಂದು ಸುತ್ತು ಬಂದರು. ನಾಯಿಗಳು ನೆಕ್ಕುತ್ತಲೇ ಇದ್ದವು.

"ನನ್ನ ಹೆಂಡತಿ ಒತ್ತಿದಾಗ ಏನೂ ಆಗ್ಲಿಲ್ಲ ಅಂತೀಯ."

"ಏನೂ ಆಗ್ಲಿಲ್ಲ ಸರ್."

"ಫುಸ್ ಅಂದಿತಲ್ಲ?"

"ಬರೀ ಗಾಳಿ ಸರ್."

"ಆದ್ರೆ ಅವಳಿಗೆ ಮೆತ್ತಗಾಯ್ತು."

"ಹಾಗನ್ನಿಸ್ತು ಅಷ್ಟೆ, ಸರ್."

"ಅಷ್ಟೆ," ಎಂದರು ಹ್ಯಾರೋಬಿ ಸಾಹೇಬರು. ಅವರ ಮುಖದಲ್ಲಿ ಬೆಳಗು ನಿಧಾನವಾಗಿ ಮೂಡಿತು. "ಇಪ್ಪತ್ತೆರಡು ವರ್ಷದಲ್ಲಿ ಇವಳು ನನ್ನ ಕಾರನ್ನ ಹೊಗಳಿದ್ದು ಇದೇ ಮೊದಲು. ನೀನು ಪ್ರಾಮಾಣಿಕ ಟ್ರಸ್ಲವ್. ನೀನು ಬಾಯಿ ಬಿಡದಿದ್ರೆ ಆ ಹಾಳು ತಾಮ್ರಾನೆಲ್ಲ ಪ್ರತಿ ಕಾರಿಗೂ ಹಾಕ್ತಿದ್ದೆ. ತೆಗೆದುಬಿಡು."

"ಏನನ್ನ, ಸರ್?"

"ಕೊಳವೇನ. ಡಬ್ಬೀನೂ ಬೇಡ. ಪೆಡಲ್ ಇರ್ಲಿ. ಆ ಫುಸ್ ಇರ್ಲಿ, ಅದು ಮುಖ್ಯ. ಮೊದಲಿನ ಹಾಗೇ ಗ್ಯಾರೇಜಿನವರು ಗ್ರೀಸ್ ಹಾಕ್ಕೊಳ್ತಾರೆ."

ಹ್ಯೂಬರ್ಟನಿಗೆ ಕೇಳಿದ್ದು ಅರ್ಥವಾಗಲು ಒಂದು ಗಳಿಗೆ ಬೇಕಾಯಿತು. "ಸರ್, ಜನ ಪೆಡಲ್ ಒತ್ತಿದೀವಿ ಅಂದ್ಕೊಂಡು ಗ್ಯಾರೇಜಿಗೇ ಹೋಗಲ್ಲ. ಮರೆತಿದ್ದಾದ್ರೆ ಕೀಲು ಕಿರ್ರ್ ಅಂದಾಗ ಒಂದು ದಿನ ನೆನಪಾಗ್ಬಹುದು. ಮಾಡಿದೀವಿ ಅಂತ ತಿಳ್ಕೊಂಡೋರಿಗೆ ಯಾವತ್ತೂ ನೆನಪಾಗಲ್ಲ, ಸರ್. ಬೋಲ್ಟು ಮುರಿಯುತ್ತೆ. ನಾನು ನೋಡಿದೀನಿ."

"ಗ್ಯಾರೇಜಿಗೆ ಹೋಗಿ ಅಂತ ಕೈಪಿಡೀಲಿ ಬರೆಸೋಣ. ಸಣ್ಣ ಅಕ್ಷರದಲ್ಲಿ." ಸಾಹೇಬರು ಮೆಟ್ಟಿಲ ಕಡೆ ತಿರುಗಿದರು. "ನಾಳೆ ಬೆಳಗ್ಗೆ ನಕ್ಷೆ ನನ್ನ ಮೇಜಿನ ಮೇಲಿರ್ಲಿ. ಪೆಡಲ್ ಸ್ವಲ್ಪ ಬಿಗಿಯಾಗಿರ್ಬೇಕು ನೋಡು. ತೀರಾ ಸಲೀಸಾಗಿದ್ರೆ ಜನ ನಂಬಲ್ಲ. ಬಾ ಆಲಿಸ್, ಮಾಂಸ ಆರ್ತಿದೆ."

ಬಾಗಿಲು ಮುಚ್ಚಿತು. ಊಟಕ್ಕೆ ಯಾರೂ ಕರೆಯಲಿಲ್ಲ.

ನಾಯಿಗಳನ್ನು ಹೊರಗೆಳೆಯುವುದಕ್ಕೆ ತೋಟದ ಆಳೂ ಕೈಜೋಡಿಸಬೇಕಾಯಿತು. ಅಷ್ಟರೊಳಗೆ ಅವು ಪ್ರತಿ ಕೀಲನ್ನೂ ಬೆಳ್ಳಿಪಾತ್ರೆಯಂತೆ ನೆಕ್ಕಿ ಬೆಳಗಿದ್ದವು. ಕಾರು ಗೇಟು ದಾಟುವ ಮೊದಲೇ ಕಿರುಚತೊಡಗಿತು.

"ನಾನು ಹೇಳಿದ ಸುಳ್ಳು ಎಷ್ಟು ಚೆನ್ನಾಗಿತ್ತು," ಎಂದು ಮಿಸೆಸ್ ಕ್ಲೂಲಿ ಹಿಂದಿನಿಂದ ಗೊಣಗಿದಳು. "ಕೊಬ್ಬೂ ಹೋಯ್ತು, ಸುಳ್ಳೂ ಹೋಯ್ತು. ಆಗ್ನೆಸ್‌ಗೆ ಏನು ಸವರ್ಲಿ?"

"ಮಾತು ಸವರು," ಎಂದ ಗಟ್ರಿಜ್. ಆಮೇಲೆ ಹ್ಯೂಬರ್ಟನ ಕಡೆ ತಿರುಗದೆ ಹೇಳಿದ: "ನನ್ನ ಹೆಸರು ಹೇಳ್ಲಿಲ್ಲ ನೀನು."

ಹ್ಯೂಬರ್ಟ್ ಗೇರು ಬದಲಿಸಿದ. ಕಿರುಚಾಟ ಕೇಳಿ ದಾರಿಯ ಪಕ್ಕದ ಕುರಿಗಳು ತಲೆಯೆತ್ತಿದವು.

"ಆ ಪೆಡಲ್ ಒಂಚೂರು ಒತ್ತಪ್ಪಾ," ಎಂದಳು ಮಿಸೆಸ್ ಕ್ಲೂಲಿ. "ಕಿವಿ ತೂತು ಬೀಳ್ತಿದೆ."

"ಅದರಲ್ಲಿ ಏನೂ ಇಲ್ಲ, ಮಿಸೆಸ್ ಕ್ಲೂಲಿ. ನಿಮ್ಮ ಕಣ್ಣೆದುರಿಗೇ ಖಾಲಿ ಆಯ್ತಲ್ಲ."

"ಗೊತ್ತು ಕಣೋ. ಆದ್ರೂ ಒತ್ತು."

ಅವನು ಒತ್ತಲಿಲ್ಲ. ಗಟ್ರಿಜ್ ಪಕ್ಕದಿಂದ ಮೆಲ್ಲಗೆ ತನ್ನ ಕಾಲು ಚಾಚಿ ಒತ್ತಿದ. ಫುಸ್. ಇಬ್ಬರೂ ಕತ್ತು ವಾರೆ ಮಾಡಿ ಆಲಿಸಿದರು.

"ಒಂದಿಷ್ಟು ಕಮ್ಮಿ ಆಯ್ತು ಅಲ್ವಾ?"

"ಹೌದಮ್ಮ. ನನಗೂ ಹಾಗೇ ಅನ್ನಿಸ್ತು."

"ಏನೂ ಕಮ್ಮಿ ಆಗಿಲ್ಲ!" ಹ್ಯೂಬರ್ಟ್ ಕೂಗಿದ. ಬೆಳಗಿನಿಂದ ಅವನು ದನಿಯೆತ್ತಿದ್ದು ಅದೇ ಮೊದಲು. "ಆಗೋಕೆ ಸಾಧ್ಯಾನೇ ಇಲ್ಲ! ಬರೀ ಗಾಳಿ ಅದು!"

ಮಿಸೆಸ್ ಕ್ಲೂಲಿಯನ್ನು ತಂಗಿಯ ಮನೆಬಾಗಿಲಲ್ಲಿ ಇಳಿಸಿದ್ದಾಯಿತು. ವಾಪಸು ಬರುವಾಗ ಗಟ್ರಿಜ್ ಬಾಯಿ ತೆರೆದುಕೊಂಡು ನಿದ್ದೆಹೋದ. ಮುಂದೆ ಉದ್ದನೆಯ ದಿಬ್ಬ. ಸವೆಯುತ್ತಿದ್ದ ಒಂದೊಂದು ಕೀಲೂ ಒಂದೊಂದು ದನಿಯಲ್ಲಿ ಕೂಗುತ್ತಿತ್ತು. ಯಾವುದು ಯಾವ ಕೀಲಿನ ದನಿಯೆಂದು ಹ್ಯೂಬರ್ಟನಿಗೆ ಗೊತ್ತಿತ್ತು. ಅರ್ಧ ದಿಬ್ಬದವರೆಗೆ ಹಲ್ಲು ಕಚ್ಚಿ ಕೂತಿದ್ದ. ಆಮೇಲೆ ಅವನ ಕಾಲು ತಾನಾಗಿ ಬ್ರೇಕಿನ ಪಕ್ಕಕ್ಕೆ ಸರಿಯಿತು.

ಫುಸ್.

ಹ್ಯೂಬರ್ಟ್ ಉಸಿರು ಬಿಗಿಹಿಡಿದು ಆಲಿಸಿದ. ಮುದುಕ ಎಚ್ಚರವಾಗಿಲ್ಲವೆಂದು ಒಮ್ಮೆ ಓರೆಗಣ್ಣಿನಲ್ಲಿ ನೋಡಿಕೊಂಡು, ಇನ್ನೊಮ್ಮೆ ಒತ್ತಿದ.